ತೊಗರಿ ರಾಶಿ ಯಂತ್ರದ ಪಟ್ಟಾ: ನೇರ ಜೋಡಣೆ, ಸರಿಯಾದ ಬಿಗಿತ



ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ತೊಗರಿ ಮುಖ್ಯ ಬೆಳೆ. ಕಟಾವಾದ ಬೆಳೆ ಒಣಗಿ ಕಣಕ್ಕೆ ಬಂದಾಗ ಎಲ್ಲರಿಗೂ ಏಕಕಾಲಕ್ಕೆ ರಾಶಿ ಯಂತ್ರ ಬೇಕಾಗುತ್ತದೆ. ಈ ಅವಸರದಲ್ಲಿ ಪಟ್ಟಾದ ಕಡೆಗೆ ಗಮನ ಹೋಗುವುದು ಅದು ಕಳಚಿ ಬಿದ್ದಾಗ ಮಾತ್ರ. ಕಾಳಿನ ಗುಣಮಟ್ಟ ಹಾಗೂ ಕೆಲಸಗಾರರ ಕೈಕಾಲು ಎರಡೂ ಪಟ್ಟಾವನ್ನು ಅವಲಂಬಿಸಿವೆ ಎಂಬುದನ್ನು ಮರೆಯಬಾರದು.

ಸಡಿಲವಾದರೂ ನಷ್ಟ, ಅತಿ ಬಿಗಿಯಾದರೂ ನಷ್ಟ

ಸಡಿಲವಾದ ಪಟ್ಟಾ ಪುಲ್ಲಿಯ ಮೇಲೆ ಜಾರುತ್ತದೆ. ಎಂಜಿನ್ ಪೂರ್ಣ ವೇಗದಲ್ಲಿದ್ದರೂ ಡ್ರಮ್ ನಿಧಾನವಾಗಿ ತಿರುಗುವುದರಿಂದ ಒಡೆಯದ ಕಾಯಿಗಳು ಹೊಟ್ಟಿನೊಂದಿಗೆ ಹೊರಹೋಗುತ್ತವೆ. ಫ್ಯಾನಿನ ಗಾಳಿ ಸಾಲದೆ ಕಾಳಿನಲ್ಲಿ ಹೊಟ್ಟು ಉಳಿಯುತ್ತದೆ. ಇದನ್ನು ಸರಿಪಡಿಸಲೆಂದು ಎಂಜಿನ್ ವೇಗ ಹೆಚ್ಚಿಸಿದರೆ, ಪಟ್ಟಾಕ್ಕೆ ಹಿಡಿತ ಸಿಕ್ಕ ಕೂಡಲೇ ಡ್ರಮ್ ಅತಿ ವೇಗವಾಗಿ ತಿರುಗಿ ಕಾಳು ಒಡೆಯುತ್ತದೆ. ಒಡೆದ ಕಾಳು ಬಿತ್ತನೆಗೆ ಬಾರದು; ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ. ಹಾಗೆಂದು ಪಟ್ಟಾವನ್ನು ಅತಿಯಾಗಿ ಬಿಗಿದರೆ ಬೇರಿಂಗ್ ಕಾದು ಬೇಗ ಹಾಳಾಗುತ್ತದೆ, ಪಟ್ಟಾ ಹರಿಯುತ್ತದೆ.

ಜೋಡಣೆ ಪರೀಕ್ಷಿಸುವ ಕ್ರಮ

1. ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಡಿರಿ. ಒಂದು ಗಾಲಿ ಎರೆ ಮಣ್ಣಿನಲ್ಲಿ ಕುಸಿದರೂ, ಎಂಜಿನ್ ಬೇರೆಯಾಗಿ ನಿಂತಿದ್ದಲ್ಲಿ, ಪಟ್ಟಾ ವಾರೆಯಾಗುತ್ತದೆ.

2. ಎರಡು ಪುಲ್ಲಿಗಳ ಅಂಚಿಗೆ ಒಂದು ದಾರವನ್ನು ಎಳೆದು ಹಿಡಿಯಿರಿ. ಪುಲ್ಲಿಗಳ ಅಂಚು ಒಂದೇ ದಪ್ಪವಿದ್ದಲ್ಲಿ, ದಾರವು ಪ್ರತಿ ಪುಲ್ಲಿಯನ್ನು ಎರಡು ಕಡೆಯಂತೆ ಒಟ್ಟು ನಾಲ್ಕು ಕಡೆ ತಾಗಬೇಕು. ಎಲ್ಲಿ ಸಂದು ಕಾಣುವುದೋ ಅಲ್ಲಿ ಪುಲ್ಲಿಯನ್ನು ಸರಿಸಿ ಬೋಲ್ಟು ಬಿಗಿಯಿರಿ.

3. ಚಪ್ಪಟೆ ಪಟ್ಟಾ ಒಂದು ಬದಿಗೆ ಸರಿಯುತ್ತಿದ್ದರೆ, ಸಾಮಾನ್ಯವಾಗಿ ಆ ಬದಿಯಲ್ಲಿ ಶಾಫ್ಟುಗಳ ಅಂತರ ಕಡಿಮೆಯಾಗಿದೆ ಎಂದು ತಿಳಿಯಬೇಕು. ಎಂಜಿನ್ ನಿಲ್ಲಿಸಿ, ಆ ಬದಿಯನ್ನೇ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿರಿ. ದಾಲ್‌ಮಿಲ್ಲುಗಳಲ್ಲಿ ಕಾಳು ಸಾಗಿಸುವ ಪಟ್ಟಾಕ್ಕೂ ಇದೇ ನಿಯಮ.

ಬಿಗಿತ ಎಷ್ಟಿರಬೇಕು?

‘ವಿ’ ಆಕಾರದ ಪಟ್ಟಾವನ್ನು ಎರಡು ಪುಲ್ಲಿಗಳ ನಡುಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಒಂದು ಮೀಟರ್ ಅಂತರಕ್ಕೆ ಸುಮಾರು 16 ಮಿ.ಮೀ., ಮುಕ್ಕಾಲು ಮೀಟರಿಗೆ 12 ಮಿ.ಮೀ. ತಗ್ಗಿದರೆ ಬಿಗಿತ ಸರಿಯಾಗಿದೆ. ಹೊಸ ಪಟ್ಟಾ ಕೆಲವು ಗಂಟೆ ಓಡಿದ ಮೇಲೆ ಹಿಗ್ಗುವುದರಿಂದ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ. ಪಟ್ಟಾ ಸವೆದು ಪುಲ್ಲಿಯ ಗಾಡಿಯ ತಳಕ್ಕೆ ತಾಗುತ್ತಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ, ಅದನ್ನು ಬದಲಿಸಬೇಕು. ಜೋಡಿ ಪಟ್ಟಾಗಳಲ್ಲಿ ಒಂದು ಹಾಳಾದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿರಿ. ಹಳೆಯದು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಪಟ್ಟಾ ಏರಿಸುವಾಗ ಸಲಾಕೆಯಿಂದ ಮೀಟಬಾರದು. ಬೋಲ್ಟು ಸಡಿಲಿಸಿ ಪುಲ್ಲಿಗಳನ್ನು ಹತ್ತಿರ ತಂದು ಏರಿಸಬೇಕು.

ಎಚ್ಚರಿಕೆ

ಓಡುವ ಪಟ್ಟಾವನ್ನು ಕೈಯಿಂದಾಗಲಿ, ಕೋಲಿನಿಂದಾಗಲಿ ಸರಿಸಕೂಡದು. ಜಾರುತ್ತದೆಂದು ರಾಳ, ಡಾಂಬರು ಹಚ್ಚಕೂಡದು. ಮೇಲೆ ಹೇಳಿದ ಎಲ್ಲ ಪರೀಕ್ಷೆಗಳನ್ನೂ ಯಂತ್ರ ಪೂರ್ತಿ ನಿಂತ ಮೇಲೆಯೇ ಮಾಡಬೇಕು. ಟ್ರ್ಯಾಕ್ಟರಿನ ಕೀಲಿ ಕೆಲಸ ಮಾಡುವವನ ಜೇಬಿನಲ್ಲಿರಲಿ. ಧೋತರದ ಚುಂಗು, ಸೆರಗು, ರುಮಾಲು ಇಳಿಬಿಟ್ಟು ಯಂತ್ರದ ಬಳಿ ನಿಲ್ಲಬಾರದು. ಇಂತಹ ಯಂತ್ರಗಳಿಂದಾಗುವ ಅಪಘಾತಗಳನ್ನು ಮನಗಂಡೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ (ನಿಯಂತ್ರಣ) ಅಧಿನಿಯಮವನ್ನು ಅಂಗೀಕರಿಸಿತು. ಪಟ್ಟಾದ ಮೇಲಿನ ತಗಡಿನ ಕವಚವನ್ನು ತೆಗೆದಿಟ್ಟ ಯಂತ್ರವನ್ನು ಬಾಡಿಗೆಗೆ ಒಪ್ಪಬೇಡಿರಿ.

ರಾಶಿಗೆ ಮುಂಚೆ ಅರ್ಧ ಗಂಟೆ ಪಟ್ಟಾಕ್ಕಾಗಿ ಮೀಸಲಿಟ್ಟರೆ ಕಾಳೂ ಉಳಿಯುತ್ತದೆ, ಕೈಯೂ ಉಳಿಯುತ್ತದೆ.