ತಪ್ಪು ಕಲ್ಪನೆ ಮತ್ತು ಸತ್ಯ: ಚಳ್ಳಕೆರೆ, ಮೊಳಕಾಲ್ಮೂರಿನ ಟಿಕೆಟ್, ಜಾತಿ, ಮತ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ಅಕ್ಕಪಕ್ಕದ ವಿಧಾನಸಭಾ ಕ್ಷೇತ್ರಗಳು. ಎರಡೂ ಆಂಧ್ರದ ಗಡಿಗೆ ತಾಗಿವೆ. ಎರಡರಲ್ಲೂ ಮಳೆ ಕಡಿಮೆ, ಶೇಂಗಾ ಮುಖ್ಯ ಬೆಳೆ. 2008ರ ಕ್ಷೇತ್ರ ಮರುವಿಂಗಡಣೆಯಿಂದ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ನಾಯಕ ಸಮುದಾಯ, ಅದರಲ್ಲೂ ಮ್ಯಾಸ ನಾಯಕರು, ಎರಡು ಕಡೆಯೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಇಷ್ಟೆಲ್ಲ ಹೋಲಿಕೆಯಿದ್ದೂ ಈ ಎರಡು ಕ್ಷೇತ್ರಗಳು ಮತ ಹಾಕಿದ ರೀತಿ ಒಂದೇ ಅಲ್ಲ. ಚಳ್ಳಕೆರೆ 2013, 2018, 2023 ಮೂರು ಸಲವೂ ಕಾಂಗ್ರೆಸ್‌ನ ಟಿ. ರಘುಮೂರ್ತಿಯವರನ್ನೇ ಆರಿಸಿತು. ಮೊಳಕಾಲ್ಮೂರು ಅದೇ ಮೂರು ಚುನಾವಣೆಗಳಲ್ಲಿ ಕ್ರಮವಾಗಿ ಬಿಎಸ್‌ಆರ್ ಕಾಂಗ್ರೆಸ್, ಬಿಜೆಪಿ, ಕಾಂಗ್ರೆಸ್ ಪಕ್ಷಗಳನ್ನು ಗೆಲ್ಲಿಸಿತು. ಜಾತಿ ಗೊತ್ತಾದರೆ ಮತ ಗೊತ್ತಾದಂತೆ ಎಂಬ ಲೆಕ್ಕಾಚಾರ ತಪ್ಪುವುದು ಇಂಥಲ್ಲೇ.

“ಮೀಸಲು ಕ್ಷೇತ್ರದಲ್ಲಿ ಆ ಸಮುದಾಯದವರೇ ಶಾಸಕರನ್ನು ಆರಿಸುತ್ತಾರೆ”

ಮೀಸಲಾತಿ ಇರುವುದು ಅಭ್ಯರ್ಥಿಗೆ, ಮತದಾರರಿಗಲ್ಲ. ಸಂವಿಧಾನದ 332ನೇ ವಿಧಿಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದಲ್ಲಿ ಆ ಪಂಗಡದವರು ಮಾತ್ರ ಸ್ಪರ್ಧಿಸಬಹುದು. ಮತ ಹಾಕುವವರು ಪಟ್ಟಿಯಲ್ಲಿರುವ ಎಲ್ಲರೂ. ಪರಿಶಿಷ್ಟ ಜಾತಿಯವರು, ಕಾಡುಗೊಲ್ಲರು, ಲಿಂಗಾಯತರು, ಕುರುಬರು, ಮುಸ್ಲಿಮರು, ರೇಷ್ಮೆ ಸೀರೆ ನೇಯುವ ಮನೆತನಗಳು ಎಲ್ಲ ಸೇರಿಯೇ ನಾಯಕ ಸಮುದಾಯದ ಒಬ್ಬರನ್ನು ಆರಿಸುತ್ತವೆ. ನಾಯಕರ ಮತವಷ್ಟನ್ನೇ ನೆಚ್ಚಿ ಇಲ್ಲಿ ಗೆದ್ದು ಬರುವುದು ಕಷ್ಟ. ಅಭ್ಯರ್ಥಿಗಳೆಲ್ಲರೂ ಅದೇ ಸಮುದಾಯದವರಾದಾಗ ಆ ಮತವೂ ಹಂಚಿಹೋಗುತ್ತದೆ.

ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸ್ಪಷ್ಟವಾಗಿ ಸೇರಿದ್ದು 1991ರಲ್ಲಿ. ಅದರ ಫಲ ಕ್ಷೇತ್ರಗಳ ಲೆಕ್ಕದಲ್ಲಿ ಕಾಣಿಸಿದ್ದು 2001ರ ಜನಗಣತಿಯನ್ನು ಆಧರಿಸಿದ ಮರುವಿಂಗಡಣೆಯಲ್ಲಿ: ರಾಜ್ಯದಲ್ಲಿ ಕೇವಲ 2 ಇದ್ದ ಪರಿಶಿಷ್ಟ ಪಂಗಡದ ವಿಧಾನಸಭಾ ಕ್ಷೇತ್ರಗಳು 15ಕ್ಕೆ ಏರಿದವು. ಆ 15ರಲ್ಲಿ ಈ ಎರಡೂ ಸೇರಿವೆ. ಅಂದರೆ ಇಲ್ಲಿನ ಮೀಸಲು ವ್ಯವಸ್ಥೆ ಜನ ಭಾವಿಸುವಷ್ಟು ಹಳೆಯದಲ್ಲ. 1957ರಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಆರಿಸಿ ಹೋದವರು ಆಗಿನ ಮುಖ್ಯಮಂತ್ರಿ, ಲಿಂಗಾಯತರಾದ ಎಸ್. ನಿಜಲಿಂಗಪ್ಪ.

“ಟಿಕೆಟ್ ಕೊಡಿಸುವುದು ಜನಬೆಂಬಲ”

ಅಭ್ಯರ್ಥಿಯನ್ನು ಪಕ್ಷದ ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆ ಅಮೆರಿಕದಲ್ಲಿದೆ. ಭಾರತದಲ್ಲಿ ಆ ಕೆಲಸ ಮಾಡುವುದು ಬಿ ಫಾರಂ. ಅದಕ್ಕೆ ಪಕ್ಷದ ಅಧಿಕೃತ ಪದಾಧಿಕಾರಿಯ ಸಹಿ ಬಿದ್ದರೆ ಮುಗಿಯಿತು. ಕ್ಷೇತ್ರದ ಕಾರ್ಯಕರ್ತರನ್ನು ಕೇಳಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆಕಾಂಕ್ಷಿಗಳು ಬೆಂಗಳೂರಿಗೂ ದೆಹಲಿಗೂ ಓಡಾಡುವುದು ಇದಕ್ಕಾಗಿಯೇ.

ಪ್ರಾಥಮಿಕ ಚುನಾವಣೆ ಈ ನೆಲಕ್ಕೆ ಅಪರಿಚಿತ ಎಂಬುದು ಮಾತ್ರ ಇನ್ನೊಂದು ತಪ್ಪು ತಿಳಿವಳಿಕೆ. 1932ರ ಪೂನಾ ಒಪ್ಪಂದದಲ್ಲೇ ಅದಿತ್ತು. ಬ್ರಿಟಿಷ್ ಭಾರತದ ಮೀಸಲು ಸ್ಥಾನಗಳಲ್ಲಿ ಮೊದಲು ದಲಿತ ಮತದಾರರಷ್ಟೇ ಮತ ಹಾಕಿ ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಮತದಾರರೂ ಸೇರಿ ಗೆಲ್ಲಿಸಬೇಕು ಎಂಬುದು ಅದರ ಏರ್ಪಾಡು. ಸಮುದಾಯದ ಒಲವು ಒಂದು ಹಂತದಲ್ಲಾದರೂ ಪ್ರತ್ಯೇಕವಾಗಿ ದಾಖಲಾಗುತ್ತಿತ್ತು. ಸ್ವತಂತ್ರ ಭಾರತದ ಸಂವಿಧಾನ ಈ ಮೊದಲ ಹಂತವನ್ನು ಉಳಿಸಿಕೊಳ್ಳಲಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಕೆಲವು ಕ್ಷೇತ್ರಗಳಲ್ಲಿ ಪಕ್ಷದ ಒಳಗೇ ಮತದಾನ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರದಿಂದ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಿಂದ ಬಿ. ಜನಾರ್ದನ ಪೂಜಾರಿ ಹೀಗೆ ಆಯ್ಕೆಯಾದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಬಿಜೆಪಿಯೂ 2023ರ ಮಾರ್ಚ್ ಕೊನೆಗೆ ರಾಜ್ಯದಲ್ಲಿ ಪದಾಧಿಕಾರಿಗಳಿಂದ ಗುಪ್ತವಾಗಿ ಅಭಿಪ್ರಾಯ ಸಂಗ್ರಹಿಸಿತು. ಅಂತಿಮ ತೀರ್ಮಾನ ಮಾತ್ರ ಎಂದಿನಂತೆ ಮೇಲಿನವರದೇ ಆಗಿತ್ತು.

ಪ್ರಾಥಮಿಕ ಚುನಾವಣೆ ಇಲ್ಲದ ಕಡೆ ಟಿಕೆಟ್ಟಿನ ಜಗಳ ಮುಖ್ಯ ಚುನಾವಣೆಗೇ ಬಂದು ಸೇರುತ್ತದೆ. ಮೊಳಕಾಲ್ಮೂರಿನ 2018ರ ಚುನಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಬಿ. ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ ರಾಜ್ಯದಲ್ಲಿ ಗೆದ್ದದ್ದು ನಾಲ್ಕೇ ಸ್ಥಾನ. ಅವುಗಳಲ್ಲೊಂದು ಮೊಳಕಾಲ್ಮೂರು; ಗೆದ್ದವರು ಎಸ್. ತಿಪ್ಪೇಸ್ವಾಮಿ, ಸೋತವರು ಕಾಂಗ್ರೆಸ್‌ನ ಎನ್.ವೈ. ಗೋಪಾಲಕೃಷ್ಣ. ಮುಂದೆ ಆ ಪಕ್ಷ ಬಿಜೆಪಿಯಲ್ಲಿ ಸೇರಿಹೋಯಿತು. 2018ರಲ್ಲಿ ಟಿಕೆಟ್ ತಮಗೇ ಎಂದುಕೊಂಡಿದ್ದ ತಿಪ್ಪೇಸ್ವಾಮಿಯವರನ್ನು ಬಿಟ್ಟು, ಬಿಜೆಪಿ ಶ್ರೀರಾಮುಲು ಅವರನ್ನೇ ಕಣಕ್ಕಿಳಿಸಿತು. ಚಳ್ಳಕೆರೆ ತಾಲ್ಲೂಕಿನಲ್ಲಿದ್ದರೂ ಮೊಳಕಾಲ್ಮೂರು ಕ್ಷೇತ್ರಕ್ಕೆ ಸೇರುವ ನಾಯಕನಹಟ್ಟಿಯಲ್ಲಿ, ತಿಪ್ಪೇರುದ್ರಸ್ವಾಮಿ ದರ್ಶನಕ್ಕೆ ಬಂದ ಶ್ರೀರಾಮುಲು ಅವರಿಗೆ ತಿಪ್ಪೇಸ್ವಾಮಿ ಬೆಂಬಲಿಗರ ಪ್ರತಿಭಟನೆ ಎದುರಾಯಿತು. ತಿಪ್ಪೇಸ್ವಾಮಿ ಪಕ್ಷೇತರರಾಗಿ ನಿಂತರು. ಅಮೆರಿಕದಲ್ಲಾಗಿದ್ದರೆ ಪಕ್ಷದ ಅಂಗಳದಲ್ಲೇ ತೀರಬಹುದಾಗಿದ್ದ ಪೈಪೋಟಿಯನ್ನು ಇಲ್ಲಿ ಕ್ಷೇತ್ರದ ಎಲ್ಲ ಮತದಾರರೂ ತೀರ್ಮಾನಿಸಬೇಕಾಯಿತು. ಅವರು 42,045 ಮತಗಳ ಅಂತರದಿಂದ ಶ್ರೀರಾಮುಲು ಅವರನ್ನು ಗೆಲ್ಲಿಸಿದರು. ಎರಡನೇ ಸ್ಥಾನ ಕಾಂಗ್ರೆಸ್‌ನ ಬಿ. ಯೋಗೇಶ್ ಬಾಬು ಅವರಿಗೆ ಹೋಯಿತು.

ಬಂಡಾಯ ಎಲ್ಲ ಕಡೆ ಹೀಗೆ ನಿಷ್ಫಲ ಎನ್ನುವಂತಿಲ್ಲ. ಚಳ್ಳಕೆರೆಯಲ್ಲಿ 2018ರ ಬಿಜೆಪಿ ಅಭ್ಯರ್ಥಿ ಕೆ.ಟಿ. ಕುಮಾರಸ್ವಾಮಿ 2023ರಲ್ಲಿ ಟಿಕೆಟ್ ಸಿಗದೆ ಪಕ್ಷೇತರರಾದರು, ಬಿಜೆಪಿ ಮತ ಹರಿದುಹೋಯಿತು. ಎರಡೂ ಚುನಾವಣೆಗಳಲ್ಲಿ ರಘುಮೂರ್ತಿಯವರಿಗೆ ಸಮೀಪದ ಎದುರಾಳಿ ಬಿಜೆಪಿಯಲ್ಲ, ಜೆಡಿಎಸ್‌ನ ರವೀಶ್ ಕುಮಾರ್. ಒಬ್ಬರೇ ಮೂರು ಸಲ ಗೆದ್ದರೆಂದು ಮತದಾರರು ಅಲುಗಾಡಲೇ ಇಲ್ಲ ಎಂದು ತಿಳಿಯಬಾರದು. ಅಲುಗಾಟ ಸೋತವರ ಸಾಲಿನಲ್ಲಿತ್ತು.

“ನಾಯಕರೆಲ್ಲ ಒಂದೇ ಕಡೆ ಮತ ಹಾಕುತ್ತಾರೆ”

ಹೊರಗಿನಿಂದ ನೋಡುವವರಿಗೆ ನಾಯಕ ಸಮುದಾಯ ಒಂದೇ ಆಗಿ ಕಾಣುತ್ತದೆ. ಒಳಗೆ ಮ್ಯಾಸ ನಾಯಕರು, ಊರು ನಾಯಕರು ಎಂಬ ಭೇದ ಹಳೆಯದು. ಅಡವಿ, ಕಾವಲುಗಳಲ್ಲಿ ದನ ಕಾಯುತ್ತ ಬಂದ ಮ್ಯಾಸ ನಾಯಕರಿಗೆ ತಮ್ಮದೇ ದೇವರ ಎತ್ತುಗಳು, ಅವನ್ನು ನೋಡಿಕೊಳ್ಳುವ ಕಿಲಾರಿಗಳು, ಕೋಳಿ ತಿನ್ನದಿರುವ ಸಂಪ್ರದಾಯ ಇವೆಲ್ಲ ಇವೆ. ಕಣದಲ್ಲಿರುವ ಎಲ್ಲರೂ ನಾಯಕರೇ ಆದಾಗ ಪಂಗಡದ ಹೆಸರು ಆಯ್ಕೆಗೆ ನೆರವಾಗುವುದಿಲ್ಲ. ಆಗ ಮೇಲೇಳುವುದು ಇಂಥ ಒಳಭೇದಗಳು, ಹಳೆಯ ಋಣ, ನೀರಿನ ಮಾತು.

ಸರ್ಕಾರ ಕೊಟ್ಟ ಕೊಡುಗೆಯಿಂದ ಸಮುದಾಯದ ಮತ ಇಡಿಯಾಗಿ ಬರುತ್ತದೆ ಎಂಬ ನಂಬಿಕೆಯೂ 2023ರಲ್ಲಿ ಪರೀಕ್ಷೆಗೆ ಒಳಗಾಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ಆಧಾರದ ಮೇಲೆ ಬಸವರಾಜ ಬೊಮ್ಮಾಯಿ ಅವರ ಬಿಜೆಪಿ ಸರ್ಕಾರ 2022ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತು. ಮರುವರ್ಷದ ಚುನಾವಣೆಯಲ್ಲಿ ಪಂಗಡಕ್ಕೆ ಮೀಸಲಾದ 15 ಕ್ಷೇತ್ರಗಳಲ್ಲಿ ಕಾಂಗ್ರೆಸ್ 14, ಜೆಡಿಎಸ್ 1 ಗೆದ್ದವು; ಬಿಜೆಪಿಗೆ ಒಂದೂ ಸಿಗಲಿಲ್ಲ. ಇದಕ್ಕೆ ಕೃತಘ್ನತೆಯ ಬಣ್ಣ ಬಳಿಯುವುದು ಸುಲಭ. ಆದರೆ ಈ ಕ್ಷೇತ್ರಗಳಲ್ಲಿ ಮತ ಹಾಕಿದವರೆಲ್ಲ ಪಂಗಡದವರಲ್ಲ, ಪಂಗಡದವರಿಗೂ ಮೀಸಲಾತಿಯೊಂದೇ ವಿಷಯವಲ್ಲ.

“ಪಕ್ಷ ಬಿಟ್ಟವರನ್ನು, ಹೊರಗಿನವರನ್ನು ಜನ ಒಪ್ಪುವುದಿಲ್ಲ”

ಗೋಪಾಲಕೃಷ್ಣ ಅವರ ಹಾದಿ ನೋಡಿದರೆ ಸಾಕು. ಮೊಳಕಾಲ್ಮೂರಿನಿಂದ 2008ರವರೆಗೆ ಕಾಂಗ್ರೆಸ್‌ನಲ್ಲಿ ಸತತವಾಗಿ ಗೆದ್ದವರು, 2013ರಲ್ಲಿ ಸೋತರು. 2014ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದಲೇ ಬಳ್ಳಾರಿ ಗ್ರಾಮಾಂತರದಲ್ಲಿ ಗೆದ್ದರು. 2018ರಲ್ಲಿ ಬಿಜೆಪಿಯಿಂದ ಕೂಡ್ಲಿಗಿಯಲ್ಲಿ ಗೆದ್ದರು. 2023ರಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಮರಳಿ ಮತ್ತೆ ಮೊಳಕಾಲ್ಮೂರಿನಲ್ಲಿ ಗೆದ್ದರು. ಆ ಸಲ ಎದುರಿಗಿದ್ದವರು ಬಿಜೆಪಿಯ ಟಿಕೆಟ್ ಪಡೆದ ಅದೇ ತಿಪ್ಪೇಸ್ವಾಮಿ. ಹತ್ತು ವರ್ಷದ ಹಿಂದಿನ ಜೋಡಿಯೇ ಎದುರುಬದುರಾಗಿ, ಫಲಿತಾಂಶ ಮಾತ್ರ ತಿರುಗಿತು. ಶ್ರೀರಾಮುಲು ಆ ಸಲ ಬಳ್ಳಾರಿ ಗ್ರಾಮಾಂತರಕ್ಕೆ ಹೋಗಿ ಅಲ್ಲಿ ಸೋತರು.

ಹೊರಗಿನವರ ಮಾತಿಗೆ ಬಂದರೆ, ಪರಿಶಿಷ್ಟ ಜಾತಿಗೆ ಮೀಸಲಾದ ಚಿತ್ರದುರ್ಗ ಲೋಕಸಭಾ ಕ್ಷೇತ್ರ 2019ರಲ್ಲಿ ಆನೇಕಲ್ ಕಡೆಯ ಎ. ನಾರಾಯಣಸ್ವಾಮಿಯವರನ್ನು, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳರನ್ನು ಆರಿಸಿತು. ಇಬ್ಬರೂ ಬಿಜೆಪಿಯವರು. ಇತ್ತ ನಿಜಲಿಂಗಪ್ಪ 1962ರಲ್ಲಿ ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಸೋತು, ದೂರದ ಬಾಗಲಕೋಟೆಯಿಂದ ವಿಧಾನಸಭೆ ಸೇರಬೇಕಾಯಿತು. ‘ಹೊರಗಿನವರು’ ಎಂಬ ಆಕ್ಷೇಪ ಹೆಚ್ಚಾಗಿ ಟಿಕೆಟ್ ತಪ್ಪಿದವರ ಬಾಯಲ್ಲಿ ಹುಟ್ಟುತ್ತದೆ. ಮತಗಟ್ಟೆಯವರೆಗೆ ಅದು ನಡೆದು ಬರುವುದು ಅಪರೂಪ.

ಪಕ್ಷನಿಷ್ಠೆಯೂ ಚುನಾವಣೆಯಿಂದ ಚುನಾವಣೆಗೆ ಬೇರೆ. 2023ರಲ್ಲಿ ಚಿತ್ರದುರ್ಗ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಹೊಳಲ್ಕೆರೆ ಹೊರತು ಐದೂ ಕಾಂಗ್ರೆಸ್ ಪಾಲಾದವು. ಒಂದೇ ವರ್ಷದ ಬಳಿಕ ಲೋಕಸಭಾ ಸ್ಥಾನ ಬಿಜೆಪಿಗೆ ಹೋಯಿತು.

“ಮತ ಹಾಕಿದ ಮೇಲೆ ಪೂರ್ವಗ್ರಹ ಇಲ್ಲವೆಂದೇ ಅರ್ಥ”

ಪೂರ್ವಗ್ರಹ ಇದ್ದರೆ ಮತ ಬೀಳುವುದಿಲ್ಲ, ಮತ ಬಿದ್ದರೆ ಪೂರ್ವಗ್ರಹ ಇಲ್ಲ: ಈ ಎರಡು ಎಣಿಕೆಗಳೂ ಸರಿಯಲ್ಲ. ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ತುಮಕೂರು ಜಿಲ್ಲೆಯ ಪಾವಗಡವೂ ಸೇರಿದೆ. ಸಂಸದರಾಗಿ ಆಯ್ಕೆಯಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ, ನಾರಾಯಣಸ್ವಾಮಿ ಅವರು ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂಬ ಕಾರಣಕ್ಕೆ ಅವರನ್ನು ಹಟ್ಟಿಯ ಒಳಗೆ ಬಿಡಲಿಲ್ಲ. ದೇಶದೆಲ್ಲೆಡೆ ಸುದ್ದಿಯಾದ ಬಳಿಕ ಅದೇ ಹಟ್ಟಿಗೆ ಅವರು ಮತ್ತೆ ಹೋದರು. ಆಗ ಸ್ವಾಗತ ಸಿಕ್ಕಿತು. ಮತಯಂತ್ರದ ಗುಂಡಿ ಒತ್ತುವಾಗ ಅಡ್ಡಬರದ ಮಡಿ ಹಟ್ಟಿಯ ಬೇಲಿಯ ಬಳಿ ಅಡ್ಡಬರುತ್ತದೆ. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಗಳೆಲ್ಲ ದಲಿತರೇ ಆಗಿರುವುದರಿಂದ, ಆ ಮಡಿಗೆ ಮತಯಂತ್ರದಲ್ಲಿ ತನ್ನನ್ನು ತೋರಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಮಡಿ ಇಲ್ಲವಾಯಿತು ಎಂಬುದಕ್ಕೆ ಬಿದ್ದ ಮತ ಪುರಾವೆಯಾಗದು.

ಅಮೆರಿಕದ 2012ರ ರಿಪಬ್ಲಿಕನ್ ಪ್ರಾಥಮಿಕ ಚುನಾವಣೆ ಇದನ್ನೇ ಇನ್ನೊಂದು ಬದಿಯಿಂದ ತೋರಿಸುತ್ತದೆ. ಮಾರ್ಮನ್ ಪಂಥದ ಮಿಟ್ ರಾಮ್ನಿ ಮುಂಚೂಣಿಯಲ್ಲಿದ್ದರು. ಮಾರ್ಮನ್ ಅಭ್ಯರ್ಥಿಗೆ ಮತ ಹಾಕುವುದಿಲ್ಲ ಎಂದು 2011ರ ಗ್ಯಾಲಪ್ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೇಳಿದ್ದರು. ಸಂಪ್ರದಾಯವಾದಿ ಮತದಾರರು ರಿಕ್ ಪೆರಿ, ಹರ್ಮನ್ ಕೇನ್, ನ್ಯೂಟ್ ಗಿಂಗ್ರಿಚ್, ರಿಕ್ ಸ್ಯಾಂಟೋರಮ್ ಹೀಗೆ ಒಬ್ಬರ ಹಿಂದೊಬ್ಬರನ್ನು ಎತ್ತಿ ಇಳಿಸಿದರು. ಅಯೋವಾ ರಾಜ್ಯದಲ್ಲಿ ಮೊದಲು ರಾಮ್ನಿ 8 ಮತಗಳಿಂದ ಗೆದ್ದರೆಂದು ಘೋಷಿಸಿ, ಆಮೇಲೆ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದಾರೆ ಎಂದು ತಿದ್ದಿದರು. ಕೊನೆಗೆ ಅಭ್ಯರ್ಥಿಯಾದವರು ರಾಮ್ನಿಯೇ. ನವೆಂಬರ್‌ನಲ್ಲಿ ಬರಾಕ್ ಒಬಾಮ ಎದುರಿಗಿದ್ದಾಗ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಹೆಚ್ಚುಕಡಿಮೆ ಶೇ 79ರಷ್ಟು ಮಂದಿ ಅದೇ ರಾಮ್ನಿಗೆ ಮತ ಹಾಕಿದರು. ಒಂದೇ ಪಕ್ಷದೊಳಗೆ ಆಯ್ಕೆಗಳು ಹಲವಿದ್ದಾಗ ಪೂರ್ವಗ್ರಹಕ್ಕೆ ಕೆಲಸವಿತ್ತು. ಪಕ್ಷದ ಗೆರೆ ಬಿದ್ದ ಕೂಡಲೇ ಅದು ಸುಮ್ಮನಾಯಿತು, ಸಾಯಲಿಲ್ಲ.

“ಜಾತಿವಾರು ಮತದ ಲೆಕ್ಕ ಖಚಿತವಾದದ್ದು”

ಚುನಾವಣೆ ಹತ್ತಿರವಾದಂತೆ ಪತ್ರಿಕೆಗಳಲ್ಲೂ ಮೊಬೈಲ್‌ಗಳಲ್ಲೂ ಕ್ಷೇತ್ರದ ಜಾತಿವಾರು ಪಟ್ಟಿಗಳು ಹರಿದಾಡುತ್ತವೆ. 2011ರ ಜನಗಣತಿ ಎಣಿಸಿ ಪ್ರಕಟಿಸಿದ್ದು ಪರಿಶಿಷ್ಟ ಜಾತಿ ಮತ್ತು ಪಂಗಡಗಳನ್ನು ಮಾತ್ರ. ಉಳಿದ ಅಂಕಿಗಳು ಹೆಚ್ಚಾಗಿ ಪಕ್ಷದ ಏಜೆಂಟರ ಅಂದಾಜು. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇರುವುದಿಲ್ಲ. ಜಾತಿಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಮತ ಕೇಳುವವರ ಜಾತಿಯಷ್ಟೇ ಅಲ್ಲ, ಮತದಾರರ ಜಾತಿಯ ಹೆಸರಿನಲ್ಲಿ ಕೇಳಿದರೂ ಅದು ಅನ್ವಯಿಸುತ್ತದೆ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಿಂದ ಹೇಳಿತು.

ಯಾರು ಯಾರಿಗೆ ಮತ ಹಾಕಿದರು ಎಂಬುದು ಗುಟ್ಟು. ಆದರೆ ಪ್ರತಿ ಮತಗಟ್ಟೆಯ ಲೆಕ್ಕ ಗುಟ್ಟಲ್ಲ. ಎಣಿಕೆಯ ನಂತರ ನಮೂನೆ 20ರಲ್ಲಿ ಅದು ಪ್ರಕಟವಾಗುತ್ತದೆ. ಒಂದು ಹಟ್ಟಿ, ಒಂದು ಕೇರಿಯೇ ಬಹುಪಾಲು ಒಂದು ಮತಗಟ್ಟೆಗೆ ಸೇರಿರುವ ಇಂಥ ಸೀಮೆಯಲ್ಲಿ ಯಾವ ಊರು ಕೈಕೊಟ್ಟಿತು ಎಂದು ಗೆದ್ದವರಿಗೂ ಸೋತವರಿಗೂ ತಿಳಿಯುತ್ತದೆ. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರಗಳಿಗೂ ಹಾಗೆ ಒಟ್ಟು ಕೂಡಿಸುವ ಟೋಟಲೈಸರ್ ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು, ಕಾನೂನು ಆಯೋಗ 2015ರ ವರದಿಯಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಣಿಕೆ ಈಗಲೂ ಮತಗಟ್ಟೆವಾರು ನಡೆಯುತ್ತದೆ.