ಕಳೆಗೆ ಸಿಕ್ಕದ ಗಾಳ
— ಅಂತಿಮ ಬಿ.ಎ. ವಿದ್ಯಾರ್ಥಿ

ಗಾಳ ಹಾಕುವವನಿಗೆ ಎರಡು ಶತ್ರುಗಳುಂಟು: ಒಂದು ಅವಸರ, ಇನ್ನೊಂದು ಕಳೆ. ಅವಸರವನ್ನು ಅಭ್ಯಾಸದಿಂದ ಗೆಲ್ಲಬಹುದು, ಕಳೆಯನ್ನು ಗೆಲ್ಲುವುದೆಂತು? ದೊಡ್ಡ ಮೀನುಗಳು ಮನೆಮಾಡಿಕೊಂಡಿರುವುದೇ ತಾವರೆ, ಜೊಂಡು, ಹಾವಸೆಗಳ ನಡುವೆ. ಅಲ್ಲಿಗೆಸೆದ ಕೊಕ್ಕೆ ಮೀನಿಗಿಂತ ಮೊದಲು ಎಲೆಯನ್ನು ಹಿಡಿಯುತ್ತದೆ. ಈ ತೊಡಕನ್ನು ಅಮೆರಿಕದ ಗಾಳಗಾರರು ಬಿಡಿಸಿಕೊಂಡ ಬಗೆಯನ್ನೂ, ಅದನ್ನು ನಮ್ಮೂರ ಕೆರೆಯಲ್ಲಿ ಪರೀಕ್ಷಿಸಿ ನೋಡಿದ ನನ್ನ ಅಲ್ಪ ಅನುಭವವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಉತ್ತರ ಅಮೆರಿಕದ ಪೂರ್ವಭಾಗದ ಸರೋವರಗಳಲ್ಲಿಯೂ ನಿಧಾನವಾಗಿ ಹರಿಯುವ ಹೊಳೆಗಳಲ್ಲಿಯೂ ‘ಬ್ಯಾಸ್’ ಎಂಬ ಮೀನಿದೆ. ಅದರಲ್ಲಿ ದೊಡ್ಡಬಾಯಿಯ ಬ್ಯಾಸ್ ಎಂಬ ಜಾತಿ ಎಲೆಗಳ ನೆರಳಿನಲ್ಲಿ ಅಲುಗದೆ ಹೊಂಚುಹಾಕುತ್ತದೆ. ನೀರಿನ ಮೇಲೆ ಕಪ್ಪೆಯೋ ಮಿಡತೆಯೋ ಕದಲಿದೊಡನೆ ಥಟ್ಟನೆ ಬಾಯಿ ತೆರೆದು, ನೀರು ಸಮೇತವಾಗಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ಈ ಬ್ಯಾಸ್ ಮೀನನ್ನೇ ಕುರಿತು ಜೇಮ್ಸ್ ಹೆನ್ಷಲ್ ಎಂಬ ವೈದ್ಯರು 1881ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರೆಂದರೆ ಅದರ ಮೇಲೆ ಆ ಜನರಿಗಿರುವ ಮೋಹವನ್ನು ಊಹಿಸಬಹುದು.

ಇದನ್ನು ಹಿಡಿಯಲು ಅವರು ಬಳಸುವ ಸಾಧನಗಳಲ್ಲಿ ಒಂದು ‘ಫ್ಲೈ’. ಪದಶಃ ಅರ್ಥ ನೊಣವೆಂದಾದರೂ ಅದು ನೊಣವೇ ಆಗಿರಬೇಕಾದುದಿಲ್ಲ. ಕೂದಲು, ಗರಿ, ದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿ ಹುಳುವೋ ಹುಸಿ ಕಪ್ಪೆಯೋ ಆಗಬಹುದು. ಸಾಮಾನ್ಯ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಪ್ಪನಾದ ದಾರದ ಭಾರವೇ ಹಗುರವಾದ ಫ್ಲೈಯನ್ನು ಹೊತ್ತೊಯ್ಯುತ್ತದೆ.

ನೀರಿನ ಮೇಲೆ ತೇಲಬೇಕಾದ ಫ್ಲೈಗೆ ಅವರು ಜಿಂಕೆಯ ಕೂದಲನ್ನು ಆರಿಸಿಕೊಂಡರು. ಅದರೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುವುದರಿಂದ ಅದು ಮುಳುಗದು. ದಾರದಿಂದ ಬಿಗಿದರೆ ಸುತ್ತಲೂ ಬಿರಿದುಕೊಳ್ಳುತ್ತದೆ. ಹಾಗೆ ಬಿರಿದ ಕೂದಲನ್ನು ಒತ್ತೊತ್ತಾಗಿ ಕೂಡಿಸಿ ಕತ್ತರಿಯಿಂದ ಕಪ್ಪೆಯ ಆಕಾರಕ್ಕೆ ತರುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಟನೂಗ ನಗರದ ಪೆಕಿನ್‌ಪಾ ಎಂಬಾತ ಕಾರ್ಕಿನ, ಎಂದರೆ ನಮ್ಮ ಬೆಂಡಿನಂಥ ವಸ್ತುವಿನ, ಮೈಯುಳ್ಳ ಫ್ಲೈಗಳನ್ನು ಬಳಕೆಗೆ ತಂದ. ಮೈ ಯಾವುದರಿಂದಾದರೂ ಆಗಲಿ, ನಿಯಮ ಒಂದೇ: ಹೊಟ್ಟೆಯ ಭಾಗವನ್ನು ಚಪ್ಪಟೆಯಾಗಿ ಕತ್ತರಿಸಬೇಕು. ಮೈಗೂ ಕೊಕ್ಕೆಯ ಮೊನೆಗೂ ನಡುವೆ ತೆರಪಿಲ್ಲದಿದ್ದರೆ ಮೊನೆ ಮೀನಿಗೆ ನಾಟದು.

ಇನ್ನು ಕಳೆಯ ಪ್ರಶ್ನೆ. ಗಟ್ಟಿಯಾದ ನೈಲಾನ್ ಎಳೆಯೊಂದನ್ನು ಕೊಕ್ಕೆಯ ಬಾಗಿನಲ್ಲಿ ಕಟ್ಟಿ, ಮೊನೆಯ ಕೆಳಗಿನಿಂದ ಬಳಸಿ ತಂದು, ಕೊಕ್ಕೆಯ ಕಣ್ಣಿನ ಬಳಿ ಬಿಗಿಯುತ್ತಾರೆ. ಮೊನೆಯ ಮುಂದೆ ಒಂದು ಕಮಾನು ಏರ್ಪಟ್ಟಿತು. ಎಲೆಯ ದಂಟು ಎದುರಿನಿಂದ ಬಂದು ಕಮಾನಿನ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಮೀನಾದರೋ ಮೇಲಿನಿಂದಲೂ ಕೆಳಗಿನಿಂದಲೂ ಅದುಮುತ್ತದೆ. ಆಗ ಕಮಾನು ಮಡಿಸಿಕೊಂಡು ಮೊನೆ ಹೊರಬೀಳುತ್ತದೆ. ಎಲೆಯೂ ಮೀನೂ ತಳ್ಳುವ ದಿಕ್ಕು ಬೇರೆ ಬೇರೆ. ಯುಕ್ತಿಯೆಲ್ಲ ಇಷ್ಟರಲ್ಲಿಯೇ ಇದೆ.

ಇದನ್ನು ಓದಿದಾಗ ನನಗೆ ನಮ್ಮೂರ ಕೆರೆ ನೆನಪಾಯಿತು. ಅಲ್ಲಿ ಬ್ಯಾಸ್ ಇಲ್ಲ. ಆದರೆ ಕೊರಮೀನು ಇದೆ. ಅದೂ ಕಳೆಯ ನಡುವೆ ಹೊಂಚುಹಾಕುತ್ತದೆ, ಅದೂ ಕಪ್ಪೆಯ ಮೇಲೆ ಎರಗುತ್ತದೆ. ನನ್ನ ತಂದೆಯವರು ಅದಕ್ಕೆ ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚಿ ಬಿಡುತ್ತಿದ್ದರು. ಕಪ್ಪೆ ಹಿಡಿದುಕೊಡುವುದು ಬಾಲ್ಯದಲ್ಲಿ ನನ್ನ ಪಾಲಿನ ಕೆಲಸ. ಚುಚ್ಚುವಾಗ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆ ಮೀನಿನಿಂದಲೇ ನನ್ನ ಹೈಸ್ಕೂಲಿನ ಪುಸ್ತಕಗಳು ಬಂದುವೆಂಬುದನ್ನು ನಾನು ಮರೆಯಲಾರೆ.

ಜಿಂಕೆಯ ಕೂದಲನ್ನು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡಬರುತ್ತದೆ. ಆದಕಾರಣ ತಂದೆಯವರ ಸವೆದ ಹವಾಯಿ ಚಪ್ಪಲಿಯನ್ನು ಕೊಯ್ದು ಕಪ್ಪೆಯ ಮೈ ಮಾಡಿದೆ. ಮೇಕೆಯ ಕೂದಲಿನಿಂದ ಕಾಲುಗಳನ್ನು ಕಟ್ಟಿದೆ. ಅಮೆರಿಕದ ಕೋಲು, ದಾರ ನನ್ನಲ್ಲಿಲ್ಲ. ಉದ್ದನೆಯ ಬಿದಿರುಗೋಲೇ ಸಾಕಾಯಿತು.

ಮೊದಲ ಪರೀಕ್ಷೆ ನಡೆದುದು ಮನೆಯ ನೀರಿನ ತೊಟ್ಟಿಯಲ್ಲಿ. ಕಪ್ಪೆ ಅಂಗಾತ ತೇಲಿತು. ಬೆನ್ನಿನ ಕಡೆ ರಬ್ಬರನ್ನು ಹೆಚ್ಚಿಸಿ, ಹೊಟ್ಟೆಯನ್ನು ತೆಳುವಾಗಿಸಿದ ಮೇಲೆ ನೆಟ್ಟಗೆ ಕುಳಿತಿತು. ಎರಡನೆಯ ಪರೀಕ್ಷೆ ಕೆರೆಯಲ್ಲಿ. ಕಮಾನಿಲ್ಲದೆ ಹತ್ತು ಸಲ ಎಸೆದಾಗ ಏಳು ಸಲ ಕಳೆಗೆ ಸಿಕ್ಕಿತು. 0.6 ಮಿಲಿಮೀಟರ್ ದಪ್ಪದ ನೈಲಾನಿನ ಕಮಾನು ಕಟ್ಟಿದ ಮೇಲೆ ಒಮ್ಮೆಯೂ ಸಿಕ್ಕಲಿಲ್ಲ. ನಾನು ಹಿಗ್ಗಿದೆ. ಆ ಸಂಜೆ ಕೊರಮೀನು ಮೂರು ಸಲ ಎರಗಿತು. ಮೂರು ಸಲವೂ ತಪ್ಪಿಸಿಕೊಂಡಿತು.

ದಡದಲ್ಲಿ ಕುಳಿತು ನೋಡುತ್ತಿದ್ದ ತಂದೆಯವರು ಕಪ್ಪೆಯನ್ನು ಕೈಗೆ ತೆಗೆದುಕೊಂಡು ಕಮಾನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಬೇಲಿ ದನಾನ ತಡೀಬೇಕು ಕಣಪ್ಪ. ಹೊಲದವನ್ನೇ ತಡೆದ್ರೆ ಏನ್ ಬಂತು?” ಎಂದರು.

ಅವರಿಗೆ ಅಕ್ಷರ ಬಾರದು. ನಾನು ಓದಿದುದನ್ನೆಲ್ಲ ಅವರು ಒಂದು ಮಾತಿನಲ್ಲಿ ಹೇಳಿದ್ದರು. ಎಳೆಯ ಬಿಗಿತ ಅದರ ದಪ್ಪದ ನಾಲ್ಕನೆಯ ಘಾತದಂತೆ ಏರುವುದೆಂದು ವಿಜ್ಞಾನ ಓದುವ ಮಿತ್ರನೊಬ್ಬ ಆಮೇಲೆ ತಿಳಿಸಿದ. 0.6ರ ಬದಲು 0.4 ಮಿಲಿಮೀಟರ್ ಎಳೆ ಹಾಕಿದರೆ ಬಿಗಿತ ಸುಮಾರು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಾಗೆಯೇ ಮಾಡಿದೆ. ಈಗ ಹತ್ತರಲ್ಲಿ ಎರಡು ಸಲ ಕಳೆ ಹಿಡಿಯಿತು. ಆದರೆ ನಾಲ್ಕನೆಯ ಸಂಜೆ ಮೊಳಕೈ ಉದ್ದದ ಕೊರಮೀನು ಬಂತು.

ಕಳೆಗೆ ಎಂದೆಂದಿಗೂ ಸಿಕ್ಕದ ಗಾಳ ಮೀನಿಗೂ ಸಿಕ್ಕದು. ಎರಡು ಸಲದ ನಷ್ಟವನ್ನು ಒಪ್ಪಿಕೊಂಡಾಗಲೇ ಮೀನು ದಕ್ಕಿತು. ತಂದೆಯವರು ಈಗ ಸವೆದ ಚಪ್ಪಲಿಗಳನ್ನು ಎಸೆಯುವುದಿಲ್ಲ. ನಮ್ಮ ಮನೆಯಲ್ಲಿ ಈ ವರ್ಷ ಒಂದು ಕಪ್ಪೆಯನ್ನೂ ಕೊಕ್ಕೆಗೆ ಚುಚ್ಚಲಿಲ್ಲ.