‘ಗೋ’ ಹೋಗಿ ‘ವೆಂಟ್’ ಬಂದದ್ದು ಹೇಗೆ?

ಮುಂಬಯಿ: ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತುಳು-ಕನ್ನಡಿಗರು ಈ ನಗರದಲ್ಲಿ ಬಹಳ. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುವುದು ಇಂಗ್ಲಿಷ್, ಅದರಲ್ಲೂ ಕ್ರಿಯಾಪದಗಳ ಭೂತಕಾಲ. ‘ಪ್ಲೇ’ ಎಂಬುದು ‘ಪ್ಲೇಡ್’ ಆದರೆ ‘ಗೋ’ ಮಾತ್ರ ‘ವೆಂಟ್’ ಏಕೆ? ಬಾಯಿಪಾಠ ಮಾಡಿ ಎನ್ನುವುದೇ ಸಾಮಾನ್ಯವಾಗಿ ಸಿಗುವ ಉತ್ತರ.

ಕಾರಣ ಇಲ್ಲದಿಲ್ಲ. ಈ ವಕ್ರ ರೂಪಗಳಲ್ಲಿ ಹೆಚ್ಚಿನವು ಹಳೆಯ ಇಂಗ್ಲಿಷಿನಿಂದ ಉಳಿದುಬಂದವು. ‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೆಯೇ ಪದದ ಭೂತಕಾಲ. ಅದು ‘ಗೋ’ ಮನೆಗೆ ಬಂದು ನೆಲೆಸಿತು. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಇಂಗ್ಲಿಷಿನ 177 ಅನಿಯತ ಕ್ರಿಯಾಪದಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಇಂದಿಗೂ ಹಾಗೆಯೇ ಇರುವುದು 98. ದಿನನಿತ್ಯ ಬಾಯಲ್ಲಿ ಆಡುವವು ಉಳಿದವು, ಬಳಕೆ ಕಡಿಮೆಯಾದವು ‘ಎಡ್’ ಸೇರಿಸಿಕೊಂಡು ಸಾಲಿಗೆ ಬಂದವು.

ನಮ್ಮ ಭಾಷೆಯೇನೂ ಕಡಿಮೆಯಿಲ್ಲ. ಮಾಡು-ಮಾಡಿದ, ನೋಡು-ನೋಡಿದ ಸರಿ. ಆದರೆ ಕೊಡು-ಕೊಟ್ಟ, ಬೀಳು-ಬಿದ್ದ, ಅಳು-ಅತ್ತ, ತರು-ತಂದ! ಇವನ್ನು ಯಾರೂ ಪಟ್ಟಿ ಮಾಡಿ ಕಲಿತಿಲ್ಲ. ಕೊಡು, ಇಡು, ಬಿಡು, ಸುಡು ಒಂದೇ ದಾರಿಯಲ್ಲಿ ನಡೆಯುವಂತೆ ಇಂಗ್ಲಿಷಿನಲ್ಲೂ ಬಳಗಗಳಿವೆ: ಸಿಂಗ್-ಸ್ಯಾಂಗ್-ಸಂಗ್, ರಿಂಗ್-ರ್‍ಯಾಂಗ್-ರಂಗ್ ಒಂದು, ಥಿಂಕ್-ಥಾಟ್, ಬೈ-ಬಾಟ್ ಇನ್ನೊಂದು, ಕಟ್, ಪುಟ್, ಹಿಟ್ ಬದಲಾಗುವುದೇ ಇಲ್ಲ. ಮೋಸ ಹೋಗುವುದೂ ಉಂಟು. ‘ಬ್ರಿಂಗ್’ ಕೇಳಲು ‘ರಿಂಗ್’ ಬಳಗದಂತಿದ್ದರೂ ಅದರ ಭೂತಕಾಲ ‘ಬ್ರಾಟ್’.

ಸಂದರ್ಶನದಲ್ಲಿ ಮುಜುಗರ ತರುವ ತಪ್ಪು ಬೇರೆಯೇ: ‘ಐ ಡಿಡ್ ನಾಟ್ ವೆಂಟ್’. ‘ವೆಂಟ್’ ಗೊತ್ತಿರುವುದರಿಂದಲೇ ಆಗುವ ತಪ್ಪು ಇದು! ಕನ್ನಡದಲ್ಲಿ ‘ಹೋದೆ’ ಎನ್ನುವವರು ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತಾರೆ. ಅಲ್ಲಿ ‘ಹೋಗು’ ಮೂಲರೂಪಕ್ಕೆ ಮರಳುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತ ಮೇಲೆ ‘ಗೋ’ ಸಾಕು.

‘ಹ್ಯಾವ್’ ಬಂದಾಗ ಮೂರನೆಯ ರೂಪ ಬೇಕು. ‘ಹೋದೆ’ ಬೇರೆ, ‘ಹೋಗಿದ್ದೇನೆ’ ಬೇರೆ. ಅಂತೆಯೇ ‘ವೆಂಟ್’ ಬೇರೆ, ‘ಹ್ಯಾವ್ ಗಾನ್’ ಬೇರೆ. ಇಲ್ಲಿ ಮಾತ್ರ ಕನ್ನಡದ ರೂಢಿ ಕೈಕೊಡುತ್ತದೆ. ‘ನಿನ್ನೆ ನೋಡಿದ್ದೇನೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ, ಆದರೆ ‘ಯೆಸ್ಟರ್‌ಡೇ’ ಜೊತೆಗೆ ‘ಹ್ಯಾವ್ ಸೀನ್’ ಸಲ್ಲದು. ನಿನ್ನೆ, ಕಳೆದ ವರ್ಷ, 2005ರಲ್ಲಿ ಎಂದು ಮುಗಿದುಹೋದ ಸಮಯವನ್ನು ಹೇಳಿದರೆ ‘ಸಾ’ ಎಂದೇ ಹೇಳಬೇಕು.

ಇನ್ನು ‘ರೀಡ್’. ಬರೆಯುವಾಗ ಮೂರೂ ರೂಪ ಒಂದೇ, ಉಚ್ಚಾರದಲ್ಲಿ ಎರಡು ಮತ್ತು ಮೂರನೆಯದು ‘ರೆಡ್’. ಇದನ್ನು ಕಣ್ಣಲ್ಲಿ ಓದಿದರೆ ತಿಳಿಯದು, ಮಕ್ಕಳಿಂದ ಗಟ್ಟಿಯಾಗಿ ಓದಿಸಿಯೇ ತಿದ್ದಬೇಕು.